ಒಲ್ಲದ ಮೇಕೆಯ ಹಾಲು

“ಗುರುಗಳೇ, ಮನಸ್ಸಿಲ್ಲದೆ ಮಾಡಿದ ಸೇವೆಯೂ ಸೇವೆಯೇ?” ಎಂದು ಶಿಷ್ಯನು ಕೇಳಿದನು.

ಮಠದ ಹಿರಿಯ ಸಾಧುವೊಬ್ಬರು ಬಹಳ ಕಾಲದಿಂದ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಮೈಲಿಗೆಯಾದ ಬಟ್ಟೆ ಒಗೆಯುವುದು ಈ ಶಿಷ್ಯನ ಪಾಲಿಗೆ ಬಂದಿತ್ತು. ಮೊದಮೊದಲು ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಆ ಕೆಲಸ ಮಾಡುತ್ತಿದ್ದನು. ಬರಬರುತ್ತಾ ಕಣ್ಣು ಒಣಗಿತು. ಈಗ ಕೈ ಮಾತ್ರ ನಡೆಯುತ್ತಿತ್ತು.

“ಗಂಜಿ ಕುಡಿಸುವಾಗ ನನ್ನ ಮನಸ್ಸು ಅಲ್ಲಿರುವುದಿಲ್ಲ. ಬೇಗ ಮುಗಿದರೆ ಸಾಕು ಎನಿಸುತ್ತದೆ. ಒಮ್ಮೊಮ್ಮೆ ಅವರ ಮೇಲೆ ಸಿಟ್ಟೂ ಬರುತ್ತದೆ. ಇಂಥ ಕೈಯಿಂದ ಅವರಿಗೆ ಉಣಿಸುವುದು ಪಾಪವಲ್ಲವೇ? ಪ್ರೀತಿ ಇರುವವರು ಯಾರಾದರೂ ಮಾಡಲಿ. ನನ್ನನ್ನು ಬಿಡಿಸಿಬಿಡಿ” ಎಂದನು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಕಬ್ಬಿಣ ಎಂಬುದು ಮನುಷ್ಯನ ಕೈಗೆ ಇನ್ನೂ ಬಾರದ ಕಾಲ. ಜನರು ಕಲ್ಲನ್ನು ಕಲ್ಲಿಗೆ ಉಜ್ಜಿ ಕೊಡಲಿ ಮಾಡಿಕೊಳ್ಳುತ್ತಿದ್ದರು. ಒಂದು ಬಂಡೆಗುಡ್ಡದ ಬುಡದಲ್ಲಿ ಕೆಲವು ದುಂಡು ಗುಡಿಸಲುಗಳಿದ್ದವು. ಅಲ್ಲಿನವರು ಕೊರಲೆ ಬಿತ್ತುತ್ತಿದ್ದರು, ಹುರುಳಿ ಬಿತ್ತುತ್ತಿದ್ದರು. ದನ, ಕುರಿ, ಮೇಕೆ ಸಾಕಿದ್ದರು. ಬಿತ್ತುವುದೂ ಸಾಕುವುದೂ ಅವರಿಗೆ ಅಷ್ಟೇನೂ ಹಳೆಯ ವಿದ್ಯೆಯಲ್ಲ. ಮುತ್ತಜ್ಜಂದಿರು ಬೇಟೆಯಾಡಿ ಬದುಕಿದ್ದರೆಂಬುದು ಅವರ ಹಾಡುಗಳಲ್ಲಿ ಇನ್ನೂ ಉಳಿದಿತ್ತು.

ಬೆಳೆಗೂ ಮೇಕೆಗೂ ಆಗಿಬರುವುದಿಲ್ಲ ಎಂಬುದನ್ನು ಅವರು ಬೇಗನೆ ಕಲಿತರು. ಮೊಳಕೆ ಕಂಡರೆ ಮೇಕೆ ನಿಲ್ಲದು. ಮೇಕೆ ಹೋದಲ್ಲಿಗೆ ಕುರಿಯೂ ಹೋಗುತ್ತದೆ. ಆದ್ದರಿಂದ ಒಂದು ಕಟ್ಟಳೆ ಮಾಡಿಕೊಂಡರು. ಮಳೆ ಬಿದ್ದು ಬಿತ್ತನೆ ಶುರುವಾದ ಕೂಡಲೇ ಊರಿನ ಕುರಿಮೇಕೆಗಳೆಲ್ಲ ಗುಡ್ಡ ದಾಟಿ ಆಚೆಗೆ ಹೋಗಬೇಕು. ಅಲ್ಲೊಂದು ಮುಳ್ಳಿನ ದೊಡ್ಡಿ ಇತ್ತು. ಕಾಯುವವರೊಬ್ಬರು ಅವುಗಳೊಡನೆ ಅಲ್ಲೇ ಇರಬೇಕು. ಕೊಯ್ಲಾದ ಮೇಲೆ ಮಂದೆ ಇಳಿದು ಬರಬೇಕು. ಆಗ ಕೊಯ್ದು ಉಳಿದ ಕೂಳೆ ಮೇಯಬಹುದು. ಹೊಲದಲ್ಲಿ ಹಿಕ್ಕೆ ಬಿದ್ದರೆ ಮುಂದಿನ ಬೆಳೆಗೆ ಒಳ್ಳೆಯದು.

ಮಂದೆ ಕಾಯುವ ಕೆಲಸ ಮುತ್ತುಗ ಎಂಬವನದಾಗಿತ್ತು. ಅವನಿಗೆ ಅದು ಕೆಲಸವೇ ಅಲ್ಲ. ಕೂಗಿನಿಂದಲೇ ಇದು ಯಾವ ಕುರಿ, ಇದರ ತಾಯಿ ಯಾವುದು ಎಂದು ಹೇಳುತ್ತಿದ್ದನು. ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದನು. ಕರೆದರೆ ಅವು ಬರುತ್ತಿದ್ದವು. ಹುಟ್ಟಿದ ಮರಿಯನ್ನು ತನ್ನ ಎದೆಗೆ ಅವುಚಿಕೊಂಡು ಬೆಚ್ಚಗೆ ಮಾಡುತ್ತಿದ್ದನು. ಅವನ ಹೆಂಡತಿಯ ಹೆಸರು ಎರಳೆ. ಎರಳೆ ಎಂದರೆ ಜಿಂಕೆ. ಎಳವೆಯಲ್ಲಿ ಅವಳ ಓಟಕ್ಕೆ ಸಾಟಿ ಇರಲಿಲ್ಲವಂತೆ. ಅವಳಿಗೆ ಈ ಕುರಿಗಳ ಸಹವಾಸ ಹಿಡಿಸದು. ಅವುಗಳ ವಾಸನೆ ಸೇರದು, ಅವುಗಳ ಅರಚಾಟ ಸೇರದು.

“ನೀನು ಕಟ್ಟಿಕೊಂಡದ್ದು ನನ್ನನ್ನೋ ಕುರಿಯನ್ನೋ?” ಎಂದು ಅವಳು ಕೇಳುತ್ತಿದ್ದಳು. ಮುತ್ತುಗ ನಗುತ್ತಿದ್ದನು. ಅವರಿಗೆ ಮಕ್ಕಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮುತ್ತುಗ ಮೇಕೆಗಳಿಗೆ ಸೊಪ್ಪು ಕಡಿಯಲು ಬಂಡೆಯ ಮೇಲಿನ ಅತ್ತಿಮರ ಹತ್ತಿದನು. ಕೊಂಬೆ ಮುರಿಯಿತು. ಅವನು ಬಿದ್ದ ಜಾಗದಲ್ಲಿ ಮಣ್ಣಿರಲಿಲ್ಲ, ಬಂಡೆಯಿತ್ತು. ಊರಿನವರು ಹೊತ್ತು ತಂದರು. ಆ ಕಾಲದ ರೂಢಿಯಂತೆ ಅವನನ್ನು ಗುಡಿಸಲಿನ ನೆಲದಲ್ಲೇ ಹೂಳಿದರು. ತಲೆಯ ಬಳಿ ಒಂದು ಮಡಕೆ ಇಟ್ಟು ಮಣ್ಣು ಮುಚ್ಚಿದರು.

ಹೆಂಗಸರು ಎರಳೆಯನ್ನು ಸುತ್ತುವರಿದು ಅತ್ತರು. ಗಂಡಸರು ಹೊರಗೆ ತಲೆ ತಗ್ಗಿಸಿ ಕುಳಿತರು. ಊರಿನ ದೊಡ್ಡಿಯಲ್ಲಿ ಕುರಿಗಳು ಅರಚುತ್ತಿದ್ದವು. ಬೆಳಗಿನಿಂದ ಯಾರೂ ಅವನ್ನು ಬಿಟ್ಟಿರಲಿಲ್ಲ, ನೀರು ಕಾಣಿಸಿರಲಿಲ್ಲ. ಅವನಿಗಾಗಿ ಅರಚುತ್ತಿವೆ ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಬಾಯಾರಿ ಅರಚುತ್ತಿವೆ ಎಂದು ಎರಳೆಗೆ ಗೊತ್ತಿತ್ತು. ಆ ಸದ್ದು ಅವಳ ತಲೆಗೆ ಗೂಟ ಹೊಡೆದಂತಾಗುತ್ತಿತ್ತು. ತಡೆಯಲಾರದೆ ಎದ್ದು ಹೋಗಿ ದೊಡ್ಡಿ ತೆರೆದು ಮಂದೆಯನ್ನು ಮಡುವಿಗೆ ಹೊಡೆದಳು. ಸದ್ದು ನಿಂತಿತು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಅವಳು ಹಿಂದಿರುಗಿದಾಗ ಊರ ಹಿರಿಯನು ಬಾಗಿಲಲ್ಲಿ ನಿಂತಿದ್ದನು.

“ಸುಗ್ಗಿಯವರೆಗೆ ನೀನೇ ನೋಡಿಕೋ ಮಗಳೇ. ಆಮೇಲೆ ಬೇರೆ ಯಾರಿಗಾದರೂ ಒಪ್ಪಿಸೋಣ” ಎಂದನು.

ಸುಗ್ಗಿ ಬಂತು, ಹೋಯಿತು. ಒಬ್ಬನಿಗೆ ಹೊಲ ಹಸನು ಮಾಡುವುದಿತ್ತು. ಇನ್ನೊಬ್ಬನಿಗೆ ದನಗಳಿದ್ದವು. ಮತ್ತೊಬ್ಬನ ಹೆಂಡತಿ ಬಸುರಿ. ಎಲ್ಲರ ಮಾತೂ ನಿಜವೇ ಆಗಿತ್ತು. ಮರುಸುಗ್ಗಿಯೂ ಹೋಯಿತು. ಮಂದೆಯ ಕೋಲು ಎರಳೆಯ ಕೈಯಲ್ಲೇ ಉಳಿಯಿತು.

ಅವಳು ಕುರಿಗಳನ್ನು ಹೆಸರು ಹಿಡಿದು ಕರೆಯಲಿಲ್ಲ. ಮುತ್ತುಗ ಇಟ್ಟ ಹೆಸರುಗಳು ಅವನೊಡನೆ ಮಣ್ಣಾದವು. ನಾಲಿಗೆಯನ್ನು ಅಂಗುಳಿಗೆ ಹೊಡೆದು ಟಕ್ ಟಕ್ ಎಂದು ಸದ್ದು ಮಾಡುವಳು. ಅವು ನಡೆಯುವುವು. ಹೊತ್ತಿಗೆ ಬಿಡುವಳು, ಹೊತ್ತಿಗೆ ಕೂಡುವಳು. ಒಂದನ್ನೂ ಸವರಿದವಳಲ್ಲ. ಒಮ್ಮೆ ಮೇಕೆಗಳು ತಪ್ಪಿಸಿಕೊಂಡು ಗುಡ್ಡದಂಚಿನ ಹೊಲಕ್ಕೆ ನುಗ್ಗಿದವು. ಆ ಹೊಲದ ರೈತನು ಮುಂಗೋಪಿ. ಕಲ್ಲು ಬೀರಿ ಒಂದು ಮೇಕೆಯ ಕೋಡು ಮುರಿದನು. “ನಿನ್ನ ಮಂದೆಗೆ ಮಾರಿ ಬರಲಿ” ಎಂದು ಎರಳೆಗೆ ಕೇಳುವಂತೆ ಕೂಗಿದನು. ಬಂದರೆ ನನಗೂ ಒಳ್ಳೆಯದೇ ಎಂದು ಎರಳೆ ಮನಸ್ಸಿನಲ್ಲಿ ಅಂದುಕೊಂಡಳು. ಮೇಕೆಗಳನ್ನು ಹೊಡೆದುಕೊಂಡು ಹೊರಟಳು. ಜಗಳವಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಹೀಗಿರುತ್ತ ಒಂದು ವರ್ಷ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎರಳೆ ಆಗಲೇ ಮಂದೆಯೊಡನೆ ಗುಡ್ಡದಾಚೆ ಇದ್ದಳು. ದೊಡ್ಡಿಯ ನೆಲ ಕೆಸರಾಯಿತು, ಕೆಸರು ರಾಡಿಯಾಯಿತು. ನಿಂತ ಕುರಿಗಳ ಗೊರಸಿನ ಸಂದಿಗೆ ಕೊಳೆ ಹತ್ತಿತು. ಮೊದಲು ಒಂದು ಕುಂಟಿತು. ಆಮೇಲೆ ಹಲವು ಕುಂಟಿದವು. ಕೆಲವು ಮುಂಗಾಲು ಮಡಚಿ ಮಂಡಿಯ ಮೇಲೆ ನಡೆದು ಹುಲ್ಲು ಕಚ್ಚುತ್ತಿದ್ದವು.

ಅವಳು ಮಂದೆಯನ್ನು ದೊಡ್ಡಿಯಿಂದ ಎಬ್ಬಿಸಿ ಬಂಡೆಯ ಮೇಲಕ್ಕೆ ಹತ್ತಿಸಿದಳು. ಬಂಡೆಯ ಮೇಲೆ ನೀರು ನಿಲ್ಲುವುದಿಲ್ಲ. ಆದರೆ ಅಲ್ಲಿ ಮೇವೂ ಇಲ್ಲ. ಮೇಕೆಗಳು ಹೇಗೋ ಪೊದೆ ಹುಡುಕಿಕೊಂಡವು. ಕುಂಟುವ ಕುರಿಗಳಿಗೆ ಅವಳೇ ಕೆಳಗಿಳಿದು ಸೊಪ್ಪು ಕಡಿದು ಹೊತ್ತು ತರಬೇಕಾಯಿತು. ತಂದು ಹಾಕಿದ್ದು ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಖಾಲಿ. ಮತ್ತೆ ಇಳಿಯಬೇಕು. ಒಂದೊಂದನ್ನೇ ಕೆಡವಿ, ಕಾಲನ್ನು ತೊಡೆಯ ನಡುವೆ ಹಿಡಿದು, ಕಲ್ಲಿನ ಅಲಗಿನಿಂದ ಗೊರಸಿನ ಕೊಳೆ ಹೆರೆಯಬೇಕು. ಬಂಡೆಯ ಪೊಟರೆಯಲ್ಲಿ ಒಣಗಿಸಿಟ್ಟ ಬೂದಿಯನ್ನು ಅಲ್ಲಿ ತುಂಬಬೇಕು. ಕುರಿ ಒದೆಯುತ್ತಿತ್ತು. ಬೂದಿ ಚೆಲ್ಲುತ್ತಿತ್ತು. ಮತ್ತೆ ತುಂಬಬೇಕು. ಕೊನೆಯದನ್ನು ಮುಗಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಕೊಳೆ ಹತ್ತಿರುತ್ತಿತ್ತು.

ಅವಳ ಕಾಲ್ಬೆರಳ ಸಂದಿಯೂ ಕೊಳೆಯಿತು. ಅದಕ್ಕೂ ಅದೇ ಬೂದಿ ಮೆತ್ತಿಕೊಂಡಳು.

ಕೆಲವು ಕುರಿ ಸತ್ತವು. ಸತ್ತದ್ದನ್ನು ಅಲ್ಲೇ ಬಿಟ್ಟರೆ ತೋಳ ಬರುತ್ತದೆ. ಕಾಲು ಹಿಡಿದು ಎಳೆದುಕೊಂಡು ಹೋಗಿ ಕೊರಕಲಿಗೆ ತಳ್ಳುತ್ತಿದ್ದಳು. ಹೀಗೆ ಒಂದನ್ನು ತಳ್ಳಿ ಬರುವಾಗ, ಹೆರೆಯಬೇಕಾದ ಕಾಲುಗಳು ಇಷ್ಟು ಕಡಿಮೆಯಾದವಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಅವಳು ನಿಂತಳು. ಇದು ನನ್ನ ಮನಸ್ಸೇ ಎಂದು ಅವಳಿಗೇ ಹೇಸಿಗೆಯಾಯಿತು. ಮುತ್ತುಗನಿದ್ದಿದ್ದರೆ ಆ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದನು. ಅವಳು ಅಳಲು ನೋಡಿದಳು. ಅಳು ಬರಲಿಲ್ಲ. ಸೊಪ್ಪು ತರುವ ಹೊತ್ತಾಗಿತ್ತು. ಇಳಿದು ಹೋದಳು.

ಮರಿಗಳನ್ನು ಅವಳು ಬೇರೆ ಇಟ್ಟಿದ್ದಳು. ಎರಡು ಬಂಡೆಗಳು ಸೇರುವಲ್ಲಿ ಒಂದು ಒಣಗೂಡು ಇತ್ತು. ಬೆಳಗ್ಗೆ ತಾಯಂದಿರ ಹಾಲು ಕುಡಿಸಿ ಮರಿಗಳನ್ನು ಅದರೊಳಗೆ ಕೂಡಿ ಗೂಡಿನ ಬಾಯಿಗೆ ಮುಳ್ಳುಕೊಂಬೆ ಅಡ್ಡ ಇಡುತ್ತಿದ್ದಳು. ಹೊರಗೆ ಬಿಟ್ಟರೆ ಕೆಸರಿಗೆ ಇಳಿಯುತ್ತವೆ, ಇಲ್ಲವೇ ತೋಳನ ಬಾಯಿಗೆ ಬೀಳುತ್ತವೆ. ತಾಯಂದಿರು ಮೇದು ಬಂದ ಮೇಲೆ ಮುಳ್ಳು ಸರಿಸಿ ಮತ್ತೆ ಕುಡಿಸುತ್ತಿದ್ದಳು.

ಒಂದು ಬೆಳಗ್ಗೆ ಎಂದಿನಂತೆ ಮರಿಗಳನ್ನು ಕೂಡಿ ಮುಳ್ಳು ಇಟ್ಟಳು. ಕುರಿಗಳನ್ನು ಇಳಿಜಾರಿಗೆ ಬಿಟ್ಟಳು. ಸೊಪ್ಪಿಗೆಂದು ಕಲ್ಲುಕೊಡಲಿ ಹಿಡಿದು ಹೊರಟಳು. ಮರದ ಬುಡಕ್ಕೆ ಬಂದಳು. ಕೊಡಲಿ ಎತ್ತಲು ಹೋದರೆ ಕೈ ಏಳಲಿಲ್ಲ. ಅವಳು ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಕೊಡಲಿಯನ್ನು ಮರದ ಬುಡದಲ್ಲಿ ಇಟ್ಟು ಊರಿನ ದಾರಿ ಹಿಡಿದಳು. ಹೋಗಬೇಕೆಂದು ತೀರ್ಮಾನಿಸಿ ಹೋದವಳಲ್ಲ. ಕಾಲು ಆ ಕಡೆಗೆ ತಿರುಗಿತು, ಅವಳು ತಡೆಯಲಿಲ್ಲ.

ಊರಿನಲ್ಲಿ ಅವಳ ಅಣ್ಣನ ಗುಡಿಸಲಿತ್ತು. ಅತ್ತಿಗೆ ಅವಳನ್ನು ಕಂಡು ಏನೂ ಕೇಳದೆ ಒಲೆಯ ಪಕ್ಕ ಕೂರಿಸಿದಳು. ಬಿಸಿ ಅಂಬಲಿ ಬಟ್ಟಲಿಗೆ ಹೊಯ್ದಳು. ಕೊಬ್ಬು ಕರಗಿಸಿ ಅವಳ ಕಾಲ್ಬೆರಳಿಗೆ ಸವರಿದಳು.

“ಕುರಿಗಳು?” ಎಂದು ಅಣ್ಣ ಕೇಳಿದನು.

“ಬಿಟ್ಟು ಬಂದೆ.”

ಅವನು ಒಲೆಗೆ ಸೌದೆ ತುರುಕಿದನು. ಆ ಮಂದೆಯಲ್ಲಿ ಅವನ ಕುರಿಗಳೂ ಇದ್ದವು. “ಉಣ್ಣು” ಎಂದನು.

ಬೈದಿದ್ದರೆ ಅವಳು ಎದುರಾಡುತ್ತಿದ್ದಳು. ಯಾರೂ ಬೈಯಲಿಲ್ಲ. ಅವಳು ಉಂಡಳು. ಒಣಹುಲ್ಲಿನ ಮೇಲೆ ಮಲಗಿದಳು. ಮೈ ಬೆಚ್ಚಗಾಯಿತು. ಇನ್ನು ಮುಗಿಯಿತು ಎಂದುಕೊಂಡಳು.

ಅಷ್ಟರಲ್ಲಿ ಅತ್ತಿಗೆಯ ಕೂಸು ಎದ್ದು ಅತ್ತಿತು. ಅತ್ತಿಗೆ ಗೋಡೆಗೊರಗಿ ಜೋಂಪಿನಲ್ಲಿದ್ದಳು. ಬೆಳಗಿನಿಂದ ಬೀಸಿ, ಕುಟ್ಟಿ, ನೀರು ಹೊತ್ತು ಸೋತಿದ್ದಳು. ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಕೂಸನ್ನು ತಡಕಿ ಎಳೆದು ಮೊಲೆಗೆ ಹಚ್ಚಿತು. ಕೂಸಿನ ಅಳು ನಿಂತಿತು. ಅತ್ತಿಗೆಯ ಗೊರಕೆ ನಡೆದೇ ಇತ್ತು.

ಎರಳೆ ಅದನ್ನು ನೋಡುತ್ತ ಮಲಗಿದ್ದವಳು ತಟ್ಟನೆ ಎದ್ದು ಕುಳಿತಳು.

“ಮುಳ್ಳು” ಎಂದಳು.

“ಏನು?” ಎಂದು ಅಣ್ಣ ಕೇಳಿದನು.

“ಮರಿಗಳ ಗೂಡಿನ ಮುಳ್ಳು ತೆಗೆದಿಲ್ಲ. ತಾಯಿಕುರಿಗಳು ಬಂದು ನಿಂತಿರುತ್ತವೆ. ತೆಗೆದು ಬರುತ್ತೇನೆ.”

“ನಾನು ಹೋಗಲೇ?”

“ಗೂಡು ಎಲ್ಲಿದೆಯೆಂದು ನಿನಗೆ ಗೊತ್ತಿಲ್ಲ.”

ಗುಡ್ಡ ಹತ್ತುವಾಗ ಅವಳ ಕಾಲು ಉರಿಯುತ್ತಿತ್ತು. ದಾರಿಯುದ್ದಕ್ಕೂ ಸತ್ತ ಗಂಡನನ್ನು ಬೈದಳು. ಪ್ರೀತಿ ಮಾಡಿದವನು ನೀನು, ಹೋಗಿ ಮಣ್ಣಿನಲ್ಲಿ ಬೆಚ್ಚಗೆ ಮಲಗಿದವನೂ ನೀನು ಎಂದಳು. ಊರ ಹಿರಿಯನನ್ನು ಬೈದಳು. ಮಳೆಯನ್ನು ಬೈದಳು. ಮುಳ್ಳು ತೆಗೆದ ಮರುಗಳಿಗೆಯೇ ಹಿಂದಿರುಗುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ ಎಂದು ಗಟ್ಟಿಯಾಗಿ ಹೇಳಿಕೊಂಡಳು.

ತಾಯಿಕುರಿಗಳು ಗೂಡಿನ ಬಾಯಿಗೆ ಮುಖವಿಟ್ಟು ಒತ್ತೊತ್ತಾಗಿ ನಿಂತಿದ್ದವು. ಕೆಚ್ಚಲು ಬಿಗಿದು ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ಮರಿಗಳ ಕೂಗು ಕ್ಷೀಣವಾಗಿ ಬರುತ್ತಿತ್ತು. ಅವಳು ಮುಳ್ಳುಕೊಂಬೆ ಎಳೆದಳು. ಮರಿಗಳು ಒಂದರ ಮೇಲೊಂದು ಬಿದ್ದು ಹೊರಗೆ ನುಗ್ಗಿದವು. ಒಂದೊಂದೂ ತನ್ನ ತಾಯಿಯನ್ನು ಹುಡುಕಿ ಮೊಣಕಾಲೂರಿ ಕುಡಿಯತೊಡಗಿತು.

ಅವಳು ಹಿಂದಿರುಗಲು ತಿರುಗಿದಳು. ಒಂದು ಮರಿ ಮಾತ್ರ ಆ ಕುರಿಯಿಂದ ಈ ಕುರಿಗೆ ಹೋಗುತ್ತಿತ್ತು. ಹೋದಲ್ಲೆಲ್ಲ ಹಾಯಿಸಿಕೊಂಡು ಬೀಳುತ್ತಿತ್ತು. ಅದರ ತಾಯಿ ಎಲ್ಲಿ ಎಂದು ಎರಳೆ ನೋಡಿದಳು. ಅದು ಇಳಿಜಾರಿನಲ್ಲಿ ಬಿದ್ದು ಸತ್ತಿತ್ತು. ಗೂಡಿನ ಕಡೆಗೆ ಬರುತ್ತಲೇ ಬಿದ್ದಿತ್ತು. ತಾನು ಇಲ್ಲೇ ಇದ್ದಿದ್ದರೆ ಅದು ಬದುಕುತ್ತಿತ್ತೇ ಎಂದು ಯೋಚಿಸಿದಳು. ಬದುಕುತ್ತಿರಲಿಲ್ಲ ಎನಿಸಿತು. ಬದುಕುತ್ತಿತ್ತೇನೋ ಎಂದೂ ಎನಿಸಿತು. ಗೊತ್ತಾಗಲಿಲ್ಲ. ಅದು ಕೊನೆಯವರೆಗೂ ಅವಳಿಗೆ ಗೊತ್ತಾಗಲಿಲ್ಲ.

ಮಂದೆಯಲ್ಲಿ ಒಂದು ಮೇಕೆ ಇತ್ತು. ಅದರ ಮರಿಯನ್ನು ಕೆಲವು ದಿನಗಳ ಹಿಂದೆ ತೋಳ ಕೊಂಡೊಯ್ದಿತ್ತು. ಹಾಲು ಇನ್ನೂ ಬತ್ತಿರಲಿಲ್ಲ. ಎರಳೆ ಅದನ್ನು ಹಿಡಿದು ತಂದು ಕುರಿಮರಿಯನ್ನು ಅದರ ಕೆಚ್ಚಲಿಗೆ ಹಚ್ಚಿದಳು. ಮೇಕೆ ಮೂಸಿ ನೋಡಿತು. ತನ್ನದಲ್ಲವೆಂದು ತಿಳಿದು ಒದ್ದಿತು. ಮರಿ ಉರುಳಿ ಬಿತ್ತು.

ಎರಳೆ ಮೇಕೆಯ ಕುತ್ತಿಗೆಯನ್ನು ಮೊಣಕಾಲುಗಳ ನಡುವೆ ಇರುಕಿಸಿದಳು. ಹಿಂಗಾಲನ್ನು ಒಂದು ಕೈಯಿಂದ ಬಿಗಿಹಿಡಿದಳು. ಇನ್ನೊಂದು ಕೈಯಿಂದ ಮರಿಯ ಬಾಯಿಯನ್ನು ಮೊಲೆಗೆ ತಂದಳು. ಮೇಕೆ ಅರಚಿತು, ಕೊಸರಿತು, ಅವಳ ತೊಡೆ ಕಚ್ಚಿತು. ಮರಿ ಬಾಲ ಅಲ್ಲಾಡಿಸುತ್ತ ಕುಡಿಯಿತು. ಹೊಟ್ಟೆ ತುಂಬಿದ ಮೇಲೆ ಅಲ್ಲೇ ಕಾಲು ಮಡಚಿ ಮಲಗಿತು. ಮೇಕೆಯನ್ನು ಬಿಟ್ಟಳು. ಅದು ಓಡಿಹೋಗಿ ದೂರದಲ್ಲಿ ನಿಂತು ಅವಳನ್ನು ದುರುಗುಟ್ಟಿ ನೋಡಿತು.

ಸಂಜೆ ಇನ್ನೊಂದು ಸಲ ಕುಡಿಸಿ ಹೋಗೋಣ ಎಂದುಕೊಂಡಳು. ಸಂಜೆ ಕುಡಿಸಿದಳು. ಬೆಳಗ್ಗೆ ಒಂದು ಸಲ ಕುಡಿಸಿ ಹೋಗೋಣ ಎಂದುಕೊಂಡಳು. ಬೆಳಗ್ಗೆ ಕುಡಿಸಿದ ಮೇಲೆ, ಮರದ ಬುಡದಲ್ಲಿ ಬಿಟ್ಟಿದ್ದ ಕೊಡಲಿಯನ್ನು ತಂದು ಸೊಪ್ಪು ಕಡಿದಳು.

ಬೇರೆ ತಾಯಿಯ ಮರಿಗೆ ಹೀಗೆ ಕೆಲವು ದಿನ ಕುಡಿಸಿದರೆ ಸಾಕುತಾಯಿಗೆ ಒಗ್ಗುತ್ತದೆ, ಆಮೇಲೆ ನೆಕ್ಕತೊಡಗುತ್ತದೆ ಎಂದು ಕುರಿ ಬಲ್ಲವರು ಹೇಳುತ್ತಾರೆ. ಈ ಮೇಕೆಗೆ ಒಗ್ಗಲಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಪ್ರತಿ ಸಲವೂ ಅದನ್ನು ಅಟ್ಟಾಡಿಸಿ ಹಿಡಿಯಬೇಕಾಗಿತ್ತು. ಪ್ರತಿ ಸಲವೂ ಅದು ಅರಚಿತು, ಒದೆಯಿತು. ಒಂದು ಸಲವೂ ಮರಿಯ ಮೈ ನೆಕ್ಕಲಿಲ್ಲ. ಎರಳೆಯೂ ಆ ಮರಿಗೆ ಹೆಸರಿಡಲಿಲ್ಲ. ಅದು ಕುಡಿಯುವಾಗ ಅವಳು ಬೇರೆಲ್ಲೋ ನೋಡುತ್ತ, ಇನ್ನೂ ಹೆರೆಯಬೇಕಾದ ಗೊರಸುಗಳನ್ನು ನೆನೆಯುತ್ತ ಕುಳಿತಿರುತ್ತಿದ್ದಳು. ಮರಿ ಬೆಳೆಯಿತು. ಬೆನ್ನು ತುಂಬಿಕೊಂಡಿತು. ಹುಲ್ಲು ಕಚ್ಚಲು ಕಲಿಯಿತು.

ಮಳೆ ಹೊಳವಾಯಿತು. ಬಿಸಿಲಿಗೆ ಗೊರಸುಗಳು ಒಣಗಿದವು. ಗುಡ್ಡದ ಈಚೆ ಕೊಯ್ಲಾಯಿತು. ಎರಳೆ ಮಂದೆಯನ್ನು ಇಳಿಸಿಕೊಂಡು ಬಂದಳು. ಮಂದೆ ಬಡಕಲಾಗಿತ್ತು, ಸಣ್ಣದಾಗಿತ್ತು, ಆದರೆ ಇತ್ತು. ಆ ಮಳೆಯಲ್ಲಿ ಒಂದೂ ಉಳಿಯದೆಂದು ಊರಿನವರು ಆಸೆ ಬಿಟ್ಟಿದ್ದರು. ಹೆಂಗಸರು ಎದುರು ಬಂದು ಹಾಡಿದರು. ಒಕ್ಕುವ ಬಯಲಿನಲ್ಲಿ ಎಲ್ಲರೂ ಸೇರಿದರು. ಊರ ಹಿರಿಯನು ಎದ್ದು ನಿಂತು, “ನೋಡಿ, ಹೆತ್ತ ತಾಯಿ ಮಕ್ಕಳನ್ನು ಕಾದಂತೆ ಎರಳೆ ಕುರಿಗಳನ್ನು ಕಾದಳು. ಅವಳ ಪ್ರೀತಿಯೇ ಅವನ್ನು ಉಳಿಸಿತು” ಎಂದನು.

“ಇಲ್ಲ ಅಜ್ಜ. ಪ್ರೀತಿ ಇದ್ದದ್ದು ಮುತ್ತುಗನಿಗೆ. ನನಗಿರುವುದು ದಣಿವು” ಎಂದಳು ಎರಳೆ.

ಜನ ನಕ್ಕರು. ವಿನಯಕ್ಕೆ ಹಾಗೆ ಹೇಳುತ್ತಾಳೆ ಎಂದುಕೊಂಡರು. ಅವಳು ನಗಲಿಲ್ಲ. ಕೈಯಲ್ಲಿದ್ದ ಕೋಲನ್ನು ಬಯಲಿನ ನಡುವೆ ಇಟ್ಟಳು.

“ಇದನ್ನು ಯಾರಾದರೂ ತೆಗೆದುಕೊಳ್ಳಿ” ಎಂದಳು.

ನಗು ನಿಂತಿತು. ಹಿರಿಯನು ಸುತ್ತಲೂ ನೋಡಿದನು. ಕುರಿಗಳ ಮೇಲೆ ಪ್ರೀತಿ ಇರುವವರು ಯಾರಾದರೂ ಮುಂದೆ ಬನ್ನಿ ಎಂದನು. ಪ್ರೀತಿ ಹಲವರಿಗೆ ಇತ್ತು. ಮರಿಗಳನ್ನು ಎತ್ತಿ ಮುದ್ದಾಡುತ್ತಿದ್ದವರು ಅಲ್ಲೇ ಇದ್ದರು. ಅವರು ಮರಿಗಳನ್ನು ಮೆಲ್ಲನೆ ಕೆಳಗಿಳಿಸಿದರು. ಯಾರೂ ಮುಂದೆ ಬರಲಿಲ್ಲ. ಎರಳೆಯ ಅಣ್ಣ ಎದ್ದನು. ಅವನ ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಅವಳನ್ನು ನೋಡಿ ಅವನು ಕುಳಿತುಕೊಂಡನು.

ಹಿಂದಿನಿಂದ ಒಬ್ಬನು ಬಂದನು. ಮೇಕೆಯ ಕೋಡು ಮುರಿದಿದ್ದ, ಗುಡ್ಡದಂಚಿನ ಹೊಲದ ರೈತನು ಅವನು. ಕೋಲಿನ ಮುಂದೆ ನಿಂತನು.

“ನನಗೆ ಮೇಕೆ ಕಂಡರಾಗದು” ಎಂದನು.

“ನನಗೂ ಆಗದು” ಎಂದಳು ಎರಳೆ.

“ಇಳಿದು ಬರುವಾಗ ನಿನ್ನ ಕಾಲು ನೋಡಿದೆ.” ಅವನು ಬಾಗಿ ಕೋಲು ಎತ್ತಿಕೊಂಡನು. “ಬಿತ್ತನೆಯವರೆಗೆ ನಾನು ನೋಡಿಕೊಳ್ಳುತ್ತೇನೆ. ಬಿತ್ತನೆಯಾದ ಮೇಲೆ ನನಗೆ ಆಗುವುದಿಲ್ಲ. ಆಗ ನೀನು ಬಾ. ಈಗ ಹೋಗಿ ಮಲಗು.”

ಎರಳೆ ಹೋಗಿ ಮಲಗಿದಳು. ಬಿತ್ತನೆ ಬಂದಾಗ ಅವಳ ಕಾಲು ಮಾಗಿತ್ತು. ಎದ್ದು ಬಂದು ಅವನ ಕೈಯಿಂದ ಕೋಲು ತೆಗೆದುಕೊಂಡಳು.

ಅಲ್ಲಿಂದ ಮುಂದೆ ಬೇಸಿಗೆ ಅವನದು, ಮಳೆಗಾಲ ಅವಳದು. ಕೋಲು ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಇಬ್ಬರೂ ಜಗಳವಾಡುತ್ತಿದ್ದರು. ಮರಿಗಳನ್ನು ಸೊರಗಿಸಿದೆ ಎಂದು ಅವಳು, ಹೋತಗಳಿಗೆ ಸಲಿಗೆ ಕೊಟ್ಟು ಕೆಡಿಸಿದೆ ಎಂದು ಅವನು. ಮಂದೆ ಮೊದಲಿನಷ್ಟಾಯಿತು, ಅದಕ್ಕಿಂತ ಹೆಚ್ಚಾಯಿತು. ಬರಗಾಲದಲ್ಲಿ ಆ ಮಂದೆಯ ಹಾಲು ಮಾಂಸವೇ ಊರಿನ ಕೂಸುಗಳನ್ನು ಉಳಿಸಿತು. ಊರಿನವರು ಎರಳೆಯ ಪ್ರೀತಿಯ ಮೇಲೆ ಹಾಡು ಕಟ್ಟಿದರು. ಹಾಡು ಶುರುವಾದರೆ ಅವಳು ಎದ್ದು ಹೋಗುತ್ತಿದ್ದಳು.

ಅವಳಿಗೆ ವಯಸ್ಸಾಯಿತು. ಗುಡ್ಡ ಹತ್ತಿ ಇಳಿಯುವುದು ತಡವಾಗತೊಡಗಿತು, ನಿಲ್ಲಲಿಲ್ಲ. ಒಂದು ಸುಗ್ಗಿಯಲ್ಲಿ ಮಂದೆ ಇಳಿಸಿಕೊಂಡು ಬಂದು, ಕೋಲನ್ನು ಆ ರೈತನ ಕೈಗೆ ಕೊಟ್ಟು, ಈ ಸಲ ಜಗಳವಾಡದೆ ಗುಡಿಸಲಿಗೆ ಹೋಗಿ ಮಲಗಿದಳು. ಮತ್ತೆ ಏಳಲಿಲ್ಲ. ಮುತ್ತುಗನ ಪಕ್ಕದಲ್ಲೇ ನೆಲ ಅಗೆದು ಹೂಳಿದರು. ಅಣ್ಣ ಅತ್ತನು. ಅತ್ತಿಗೆ ಅತ್ತಳು.

ಮಂದೆ ಎದುರಿನ ಹೊಲದಲ್ಲೇ ಕೂಳೆ ಮೇಯುತ್ತಿತ್ತು. ಒಂದು ಕುರಿಯೂ ತಲೆ ಎತ್ತಲಿಲ್ಲ. “ನೋಡು, ಅವಳು ಜೀವ ತೇಯ್ದದ್ದು ಇವುಗಳಿಗಾಗಿ. ಒಂದಕ್ಕೂ ತಿಳಿಯಲಿಲ್ಲ” ಎಂದು ಯಾರೋ ಆ ರೈತನಿಗೆ ಹೇಳಿದರು. ನೀರು ಕಾಣಿಸುವ ಹೊತ್ತಾಗಿತ್ತು. ಅವನು ಮಂದೆಯನ್ನು ಮಡುವಿನ ಕಡೆಗೆ ಹೊಡೆದುಕೊಂಡು ಹೋದನು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯನು ಇನ್ನೂ ಏನಾದರೂ ಇರಬಹುದೆಂದು ಕಾದನು.

“ಗುರುಗಳೇ, ಕೊನೆಗಾದರೂ ಅವಳಿಗೆ ಆ ಕುರಿಗಳ ಮೇಲೆ ಪ್ರೀತಿ ಹುಟ್ಟಿತೇ?” ಎಂದು ಕೇಳಿದನು.

“ಅದನ್ನು ಆ ಕುರಿಗಳು ಅವಳನ್ನು ಒಮ್ಮೆಯೂ ಕೇಳಲಿಲ್ಲ” ಎಂದರು ಗುರುಗಳು.